ನಲವತ್ತು ಡಾಲರು, ನೂರು ಷೇರು

ಮನೆ ಬಿಟ್ಟು ಹೊರಡುವವನು ತನ್ನೊಡನೆ ಏನನ್ನು ಒಯ್ಯುತ್ತಾನೆ? ವರ್ಗವಾಗಿ ಬೇರೆ ಊರಿಗೆ ಹೋಗುವವನಾದರೆ ಪಾತ್ರೆ ಪಡಗ, ಹಾಸಿಗೆಯ ಸುರುಳಿ, ದೇವರ ಪಟ, ಹಿತ್ತಿಲಿನ ತುಳಸಿಯ ಕುಂಡ ಎಲ್ಲವನ್ನೂ ಲಾರಿಗೆ ಹೇರಿಸುತ್ತಾನೆ. ಯಾತ್ರೆಗೆ ಹೊರಟವನಿಗೆ ಒಂದು ಟ್ರಂಕು ಸಾಕು. ಆದರೆ ಮರಳಿ ಬರುವುದು ಸಂದೇಹವೆಂದು ಒಳಗೊಳಗೇ ಬಲ್ಲವನು, ಮೇಲೆ ಮಾತ್ರ ರಜಕ್ಕೆಂದು ಹೊರಟಂತೆ ಕಾಣಿಸಿಕೊಳ್ಳಬೇಕಾದವನು, ಏನನ್ನು ಒಯ್ದಾನು? ಹೆಚ್ಚು ಹೊತ್ತರೆ ಗುಟ್ಟು ರಟ್ಟಾಗುತ್ತದೆ. ಹೊರದಿದ್ದರೆ ನಾಳೆಯ ಊಟಕ್ಕೆ ದಾರಿಯಿಲ್ಲ.

೧೯೬೦ರಲ್ಲಿ ಕ್ಯೂಬಾ ದೇಶದ ಹವಾನಾ ನಗರದಿಂದ ಹಾಗೆ ಹೊರಟುಬಂದ ಇಪ್ಪತ್ತೆಂಟು ವರ್ಷದ ಗೃಹಸ್ಥನೊಬ್ಬನ ಕಥೆಯಿದು. ಆತನ ಹೆಸರು ರಾಬರ್ಟೊ ಗೊಯಿಸ್ವೇಟಾ. ಹೆಂಡತಿ, ಮೂವರು ಎಳೆಯ ಮಕ್ಕಳು ಆತನ ಸಂಸಾರ. ಜೇಬಿನಲ್ಲಿದ್ದದ್ದು ನಲವತ್ತು ಡಾಲರು. ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಆತನ ಹೆಸರಿಗೆ ಒಂದು ಕಂಪನಿಯ ನೂರು ಷೇರುಗಳಿದ್ದವು. ಹುಟ್ಟಿದ ಮನೆ, ಅಜ್ಜನ ಆಸ್ತಿ, ಮದುವೆಯ ಉಡುಗೊರೆಗಳು, ಗೋಡೆಯ ಮೇಲಿನ ಭಾವಚಿತ್ರಗಳು, ಎಲ್ಲವೂ ಹಿಂದೆ ಉಳಿದವು. ಮೂವತ್ತೇಳು ವರ್ಷಗಳ ಬಳಿಕ, ೧೯೯೭ರ ಅಕ್ಟೋಬರ್ ೧೮ರಂದು, ಅಮೆರಿಕದ ಅಟ್ಲಾಂಟಾ ನಗರದಲ್ಲಿ ಆತ ಕಣ್ಣು ಮುಚ್ಚಿದಾಗ, ಅದೇ ಕಂಪನಿಯ ಅಧ್ಯಕ್ಷನಾಗಿದ್ದ. ಆ ಕಂಪನಿಯ ಹೆಸರನ್ನು ಅರಿಯದ ಮಕ್ಕಳು ನಮ್ಮ ಬೀದಿಗಳಲ್ಲಿಯೂ ಇಲ್ಲ: ಕೋಕಾ-ಕೋಲಾ.

ಕಡು ಬಡವನು ಕೋಟ್ಯಧೀಶನಾದ ಕಥೆಗಳನ್ನು ಓದುಗರು ಬೇಕಾದಷ್ಟು ಓದಿದ್ದಾರೆ. ಇದು ಅಂಥದಲ್ಲ. ಗೊಯಿಸ್ವೇಟಾ ಬಡವರ ಮನೆಯ ಮಗನಲ್ಲ. ಇದ್ದುದನ್ನೆಲ್ಲ ಒಂದೇ ಏಟಿಗೆ ಕಳೆದುಕೊಂಡ ಸಿರಿವಂತರ ಮನೆಯ ಮಗ. ಏರುವುದಕ್ಕಿಂತ ಇಳಿದು ಮತ್ತೆ ಏರುವುದು ಕಷ್ಟ. ಆ ಕಷ್ಟದ ನಡುವೆ ಆತ ಉಳಿಸಿಕೊಂಡದ್ದೇನು, ಉಳಿಸಿಕೊಳ್ಳಲಾಗದೆ ಹೋದದ್ದೇನು ಎಂಬುದೇ ಇಲ್ಲಿ ನನ್ನ ಕುತೂಹಲ.

ಸಕ್ಕರೆಯ ನಾಡು

ಅಮೆರಿಕದ ಫ್ಲಾರಿಡಾ ಪ್ರಾಂತದ ದಕ್ಷಿಣದ ತುದಿಯಿಂದ ಸುಮಾರು ತೊಂಬತ್ತು ಮೈಲಿ ದೂರದಲ್ಲಿ ಕ್ಯೂಬಾ ದ್ವೀಪವಿದೆ. ಕಳೆದ ಶತಮಾನದ ಬಹುಭಾಗ ಆ ದೇಶದ ಬದುಕೆಲ್ಲವೂ ಕಬ್ಬಿನ ಮೇಲೆ ನಿಂತಿತ್ತು. ಕಬ್ಬು ಕಡಿಯುವ ಕೆಲವು ತಿಂಗಳು ಕೂಲಿ. ಅದು ಮುಗಿದ ಮೇಲೆ ಮುಂದಿನ ಕಟಾವಿನವರೆಗೆ ಕೂಲಿಕಾರನಿಗೆ ಕೆಲಸವಿಲ್ಲ. ಆ ತಿಂಗಳುಗಳನ್ನು ಅಲ್ಲಿಯ ಜನ ‘ಸತ್ತ ಕಾಲ’ವೆಂದು ಕರೆಯುತ್ತಿದ್ದರು. ಗಿರಣಿಯ ಒಡೆಯರಿಗೆ ಮಾತ್ರ ಎಲ್ಲ ಕಾಲವೂ ಜೀವಂತ ಕಾಲವೇ.

ಗೊಯಿಸ್ವೇಟಾ ಹುಟ್ಟಿದ್ದು ಒಡೆಯರ ಕಡೆಯಲ್ಲಿ, ೧೯೩೧ರ ನವೆಂಬರ್ ೧೮ರಂದು. ತಾಯಿಯ ತಂದೆ ಮಾರ್ಸೆಲೊ ಕಾಂಟೆರಾ ಸ್ಪೇನಿನಿಂದ ಬಂದು ಕ್ಯೂಬಾದಲ್ಲಿ ನೆಲೆಯೂರಿದವನು. ದುಡಿದು ಗಳಿಸಿ ಸಕ್ಕರೆಯ ಕಾರ್ಖಾನೆಯ ಒಡೆಯನಾದವನು. ಹೀಗೆ ವಲಸೆಯೆಂಬುದು ಆ ಮನೆತನಕ್ಕೆ ಹೊಸದಾಗಿರಲಿಲ್ಲ. ಅಜ್ಜನು ಒಂದು ಕಡಲನ್ನು ದಾಟಿದ್ದ, ಮೊಮ್ಮಗನಿಗೆ ಇನ್ನೊಂದು ಕಡಲು ಕಾದಿತ್ತು. ತಂದೆ ಕ್ರಿಸ್ಪುಲೊ ವಾಸ್ತುಶಿಲ್ಪಿ. ಭೂಮಿ ಕಾಣಿಯ ವ್ಯವಹಾರವೂ ಆತನಿಗಿತ್ತು.

ಅಜ್ಜನು ಗಾದೆಗಳ ಭಂಡಾರ. ಸಾಲವೆಂದರೆ ಆತನಿಗೆ ಆಗದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳುವುದನ್ನೇ ಆ ಮುದುಕನು ಸ್ಪ್ಯಾನಿಷ್ ಭಾಷೆಯಲ್ಲಿ ಮೊಮ್ಮಗನಿಗೆ ಹೇಳಿರಬೇಕು. ಎಷ್ಟೋ ವರ್ಷಗಳ ಮೇಲೆ, ದೊಡ್ಡ ದೊಡ್ಡ ಆಡಳಿತ ಸಭೆಗಳಲ್ಲಿ ಕುಳಿತಾಗಲೂ, ಗೊಯಿಸ್ವೇಟಾ ಅಜ್ಜನ ಗಾದೆಗಳನ್ನು ಉದ್ಧರಿಸುತ್ತಿದ್ದನು.

ಹವಾನಾದ ಸಿರಿವಂತರು ಗಂಡುಮಕ್ಕಳನ್ನು ಓದಿಸುತ್ತಿದ್ದುದು ಜೆಸ್ಯೂಟ್ ಪಾದ್ರಿಗಳ ಬೆಲೆನ್ ಶಾಲೆಯಲ್ಲಿ. ರಾಬರ್ಟೊ ಕೂಡ ಅಲ್ಲಿಯೇ ಓದಿದ. ಅದೇ ಶಾಲೆಯಿಂದ ೧೯೪೫ರಲ್ಲಿ ಹೊರಬಿದ್ದ ಹಿರಿಯ ವಿದ್ಯಾರ್ಥಿಯೊಬ್ಬನಿದ್ದ. ಆಟದಲ್ಲಿ ಮುಂದು, ಮಾತಿನಲ್ಲಿಯೂ ಮುಂದು. ಅವನ ಹೆಸರು ಫಿಡೆಲ್ ಕ್ಯಾಸ್ಟ್ರೊ. ಒಂದೇ ಗುರುಗಳ ಕೈಕೆಳಗೆ ಬೆಳೆದ ಇಬ್ಬರಲ್ಲಿ ಒಬ್ಬನು ಮುಂದೆ ದೇಶವನ್ನು ಕೈಗೆ ತೆಗೆದುಕೊಂಡನು. ಇನ್ನೊಬ್ಬನು ದೇಶವನ್ನೇ ಬಿಟ್ಟುಹೋದನು.

ಮುಂದೆ ಹುಡುಗನನ್ನು ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಚೆಷೈರ್ ಶಾಲೆಗೆ ಒಂದು ವರ್ಷದ ಮಟ್ಟಿಗೆ ಕಳುಹಿಸಿದರು. ಇಂಗ್ಲಿಷು ಅಷ್ಟಕ್ಕಷ್ಟೆ. ಆತ ಒಂದು ಉಪಾಯ ಹೂಡಿದ: ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡುವುದು, ಮಾತುಗಳು ಬಾಯಿಗೆ ಬರುವವರೆಗೆ ಬಿಡದಿರುವುದು. ನಮ್ಮಲ್ಲಿ ಸಿನಿಮಾ ನೋಡಿ ಕೆಟ್ಟ ಹುಡುಗರ ಲೆಕ್ಕವನ್ನೇ ಕೇಳಿ ಅಭ್ಯಾಸವಾದ ತಾಯಿತಂದೆಯರಿಗೆ ಇದು ಸೋಜಿಗವಾಗಿ ತೋರಬಹುದು. ವರ್ಷದ ಕೊನೆಗೆ ತರಗತಿಗೆ ಮೊದಲಿಗನಾದವನು ಆ ಹುಡುಗನೇ. ಅಲ್ಲಿಂದ ಯೇಲ್ ವಿಶ್ವವಿದ್ಯಾಲಯ. ೧೯೫೩ರಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಪದವಿ. ಅದೇ ವರ್ಷ ಹವಾನಾದ ಓಲ್ಗಾ ಕ್ಯಾಸ್ಟೆಲೈರೊ ಎಂಬ ಕನ್ಯೆಯೊಡನೆ ಮದುವೆ.

ಮನೆಯ ವ್ಯವಹಾರ ಕಾದಿತ್ತು. ಕೆಲವು ಕಾಲ ಅದನ್ನೇ ನೋಡಿಕೊಂಡ. ಆದರೆ ಒಡೆಯನ ಮಗನೆಂಬ ಹೆಸರು ಆತನಿಗೆ ಹಿಡಿಸಲಿಲ್ಲ. ೧೯೫೪ರಲ್ಲಿ ಹವಾನಾದ ಪತ್ರಿಕೆಯೊಂದರಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಎರಡು ಭಾಷೆ ಬಲ್ಲ ರಾಸಾಯನಿಕ ಎಂಜಿನಿಯರು ಬೇಕಾಗಿದ್ದಾನೆ; ಕಂಪನಿಯ ಹೆಸರಿಲ್ಲ. ಅರ್ಜಿ ಹಾಕಿದ, ಕೆಲಸ ಸಿಕ್ಕಿತು. ಜಾಹೀರಾತು ಕೊಟ್ಟದ್ದು ಕೋಕಾ-ಕೋಲಾ ಕಂಪನಿ.

ಸ್ವಂತ ಗಿರಣಿಯಿರುವ ಮನೆಯ ಮಗ ಸಂಬಳಕ್ಕೆ ದುಡಿಯಲು ಹೋಗುವುದೇ? ತಂದೆಗೆ ಅದು ಪೂರ್ತಿ ರುಚಿಸಲಿಲ್ಲ. ಆದರೂ ಆತ ಜಾಣ. ಬೇರೆಯವರಿಗಾಗಿ ದುಡಿಯುವುದಾದರೆ ಆ ಕಂಪನಿಯಲ್ಲಿ ನಿನ್ನದೂ ಒಂದು ಪಾಲಿರಲಿ ಎಂಬ ಎಣಿಕೆಯಿಂದ ಮಗನಿಗೆ ಎಂಟು ಸಾವಿರ ಡಾಲರು ಸಾಲ ಕೊಟ್ಟನು. ಆ ಹಣದಿಂದ ಕೊಂಡದ್ದೇ ನೂರು ಷೇರು. ಸಾಲವನ್ನು ಒಲ್ಲದ ಅಜ್ಜ, ಸಾಲ ಕೊಟ್ಟು ಪಾಲುಗಾರನನ್ನಾಗಿ ಮಾಡಿದ ಅಪ್ಪ. ಇಬ್ಬರ ಪಾಠವೂ ಮುಂದೆ ಉಪಯೋಗಕ್ಕೆ ಬಂದಿತು.

ರಜದ ನೆಪ

೧೯೫೯ರ ಜನವರಿ ಒಂದರಂದು ಸರ್ವಾಧಿಕಾರಿ ಬಟಿಸ್ಟಾ ಓಡಿಹೋದನು. ಕ್ಯಾಸ್ಟ್ರೊವಿನ ಪಡೆಗಳು ಗೆದ್ದವು. ಆ ಹೊಸ ವರ್ಷದ ದಿನ ಹವಾನಾದ ಬೀದಿಗಳಲ್ಲಿ ಕುಣಿದವರಲ್ಲಿ ಬಡವರಷ್ಟೇ ಇರಲಿಲ್ಲ, ಮಧ್ಯಮ ವರ್ಗದ ಜನರೂ ಇದ್ದರು. ಬಟಿಸ್ಟಾನ ಆಳ್ವಿಕೆ ಅಷ್ಟು ಕ್ರೂರವೂ ಅಷ್ಟು ಲಂಚಗುಳಿಯೂ ಆಗಿತ್ತು. ಆದರೆ ವರ್ಷ ತಿರುಗುವಷ್ಟರಲ್ಲಿ ಗಾಳಿ ಬದಲಾಯಿತು. ಮೊದಲು ದೊಡ್ಡ ಜಮೀನುಗಳು, ಆಮೇಲೆ ೧೯೬೦ರಲ್ಲಿ ಎಣ್ಣೆಯ ಶುದ್ಧೀಕರಣಾಗಾರಗಳು, ಸಕ್ಕರೆಯ ಗಿರಣಿಗಳು, ಬ್ಯಾಂಕುಗಳು, ಅಕ್ಟೋಬರಿನ ಹೊತ್ತಿಗೆ ದೊಡ್ಡ ವ್ಯಾಪಾರಗಳೆಲ್ಲವೂ ಸರಕಾರದ ವಶವಾದವು.

ನ್ಯಾಯವಾಗಿ ನೋಡಿದರೆ ಈ ನಾಣ್ಯಕ್ಕೆ ಎರಡು ಮುಖಗಳಿವೆ. ‘ಸತ್ತ ಕಾಲ’ದಲ್ಲಿ ಹಸಿದು ಕುಳಿತಿದ್ದ ಕಬ್ಬಿನ ಕೂಲಿಗೆ ಕ್ರಾಂತಿಯು ಭೂಮಿಯ ಮಾತನ್ನೂ ಅಕ್ಷರದ ಮಾತನ್ನೂ ತಂದಿತು. ೧೯೬೧ರಲ್ಲಿ ಪಟ್ಟಣದ ಹುಡುಗ ಹುಡುಗಿಯರು ಹಳ್ಳಿಗಳಿಗೆ ಹೋಗಿ ಓದು ಬರಹ ಕಲಿಸಿದ ಸಾಕ್ಷರತೆಯ ಆಂದೋಲನವು ಜಗತ್ತಿನಲ್ಲಿಯೇ ಹೆಸರಾಯಿತು. ಇತ್ತ, ಮೂರು ತಲೆಮಾರಿನಿಂದ ಕಟ್ಟಿದ ಬಾಳು ಒಂದು ಸರಕಾರಿ ಆಜ್ಞೆಯಿಂದ ಕರಗಿಹೋದವರ ಸಂಕಟವೂ ಸುಳ್ಳಲ್ಲ. ಎದುರಾಡಿದವರಿಗೆ ಸೆರೆಮನೆಯ ಬಾಗಿಲು ತೆರೆದಿದ್ದುದೂ ಸುಳ್ಳಲ್ಲ. ಇತಿಹಾಸವನ್ನು ಬರೆಯುವವನು ಯಾವ ಕಡೆ ನಿಂತರೂ, ಸಂಸಾರವನ್ನು ಕಟ್ಟಿಕೊಂಡವನಿಗೆ ಕೇಳಿಸುವ ಪ್ರಶ್ನೆ ಒಂದೇ: ನಾಳೆ ನನ್ನ ಮಕ್ಕಳ ಗತಿಯೇನು?

ಗೊಯಿಸ್ವೇಟಾ ದಂಪತಿಗಳು ರಜದ ನೆಪದಿಂದ ಮಯಾಮಿ ನಗರಕ್ಕೆ ಬಂದರು, ಹಿಂದಿರುಗಿ ಹೋಗಲಿಲ್ಲ. ಹವಾನಾದ ಗಣ್ಯ ಕುಟುಂಬವೊಂದು ದಾರಿಹೋಕರು ತಂಗುವ ಮೋಟೆಲಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿತು. ಐದು ಜೀವ, ಒಂದು ಕೋಣೆ. ಒಂದು ಮಾತ್ರ ಅದೃಷ್ಟ: ಕಂಪನಿಯ ಕೆಲಸ ಕೈಬಿಟ್ಟಿರಲಿಲ್ಲ.

ಎಲ್ಲರಿಗೂ ಅಷ್ಟು ಅದೃಷ್ಟವಿರಲಿಲ್ಲ. ಕ್ರಾಂತಿಯ ಮೊದಲ ನಾಲ್ಕು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಕ್ಯೂಬನ್ನರು ಅಮೆರಿಕಕ್ಕೆ ಬಂದರು. ಊರಿನಲ್ಲಿ ವೈದ್ಯನಾಗಿದ್ದವನು ಮಯಾಮಿಯ ಹೋಟೆಲಿನಲ್ಲಿ ತಟ್ಟೆ ತೊಳೆದನು. ವಕೀಲನು ಕಂಡವರ ಮೋಟಾರುಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಹಿಡಿದನು. ೧೯೬೦ರ ಕೊನೆಯಿಂದ ೧೯೬೨ರ ಅಕ್ಟೋಬರಿನವರೆಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ತಾಯಿತಂದೆಯರು ಒಬ್ಬೊಬ್ಬರನ್ನಾಗಿ ವಿಮಾನ ಹತ್ತಿಸಿ ಕಳುಹಿಸಿದರು; ತಾವು ಬೆನ್ನಹಿಂದೆಯೇ ಬರುತ್ತೇವೆಂಬ ನಂಬಿಕೆ ಅವರದು. ಕೆಲವರಿಗೆ ಮಕ್ಕಳ ಮುಖ ಮತ್ತೆ ಕಾಣಲು ವರ್ಷಗಳು ಹಿಡಿದವು. ಇನ್ನು ಕೆಲವು ತಿಂಗಳು, ಬಂದ ಹಬ್ಬಕ್ಕೆ ಹವಾನಾದಲ್ಲಿರುತ್ತೇವೆ ಎಂದುಕೊಳ್ಳುತ್ತಲೇ ಆ ಜನ ಮಯಾಮಿಯಲ್ಲಿ ಮುದುಕರಾದರು.

ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ ಇಂದು ಒಬ್ಬ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಅವರ ದಾರಿ ಕಾಯುವ ತಾಯಿತಂದೆಯರ ನೋವು ನೋವೇ. ಆದರೂ ಆ ಮಕ್ಕಳಿಗೆ ಮನೆಯೊಂದಿದೆ, ಹಿಂದಿರುಗುವ ಟಿಕೆಟ್ಟಿದೆ. ಕ್ಯೂಬಾದಿಂದ ಬಂದವರಿಗೆ ಕಡಲಿನ ಆಚೆ ಊರು ಇತ್ತು, ಊರಿಗೆ ದಾರಿಯಿರಲಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟವನಿಗೂ ನಿರಾಶ್ರಿತನಿಗೂ ಇರುವ ಭೇದ ಇಷ್ಟೆ. ಆದರೆ ಅದು ಸಣ್ಣ ಭೇದವಲ್ಲ.

ಕೋಣೆಯಿಂದ ಅಟ್ಲಾಂಟಾಕ್ಕೆ

ಕಂಪನಿ ಆತನನ್ನು ಕೆಲವು ಕಾಲ ಬಹಾಮಾ ದ್ವೀಪಗಳ ನಸಾವ್ ಪಟ್ಟಣದಲ್ಲಿರಿಸಿ, ಕೆರೀಬಿಯನ್ ವಲಯದ ಕಾರ್ಖಾನೆಗಳ ರಾಸಾಯನಿಕ ಕೆಲಸವನ್ನು ವಹಿಸಿತು. ೧೯೬೪ರಲ್ಲಿ ಅಟ್ಲಾಂಟಾದ ಮುಖ್ಯ ಕಚೇರಿಗೆ ಕರೆಸಿಕೊಂಡಿತು. ಅಟ್ಲಾಂಟಾ ಅಮೆರಿಕದ ದಕ್ಷಿಣ ಸೀಮೆ. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಬಾಗಿಲುಗಳಿದ್ದ ಪದ್ಧತಿಯನ್ನು ಕಾನೂನು ಕೊನೆಗಾಣಿಸಿದ್ದು ಅದೇ ೧೯೬೪ರಲ್ಲಿ. ಹಳೆಯ ದಕ್ಷಿಣದ ಹಳೆಯ ಮನೆತನಗಳ ಆ ಕಂಪನಿಯಲ್ಲಿ ಸ್ಪ್ಯಾನಿಷ್ ಎಳೆತದ ಇಂಗ್ಲಿಷನ್ನಾಡುವ ಕ್ಯೂಬನ್ನನು ಎಷ್ಟು ದೂರ ನಡೆದಾನೆಂದು ಯಾರು ಎಣಿಸಿದ್ದರು?

ಆತ ಗದ್ದಲದ ಮನುಷ್ಯನಲ್ಲ. ಇಸ್ತ್ರಿ ಕೆಡದ ಉಡುಪು, ಕಾಗದಗಳು ಚೆಲ್ಲಾಡದ ಮೇಜು, ಅಳೆದು ಆಡುವ ಮಾತು, ತಪ್ಪದ ದೇವಾಲಯದ ಪ್ರಾರ್ಥನೆ. ಇವು ಆತನನ್ನು ಬಲ್ಲವರೆಲ್ಲ ಹೇಳುವ ಲಕ್ಷಣಗಳು. ಮೂವತ್ತೈದರ ಆಸುಪಾಸಿನಲ್ಲಿಯೇ ಕಂಪನಿಯ ಉಪಾಧ್ಯಕ್ಷರಲ್ಲಿ ಒಬ್ಬನಾದ. ೧೯೬೯ರಲ್ಲಿ ಅಮೆರಿಕದ ಪ್ರಜೆಯಾದ. ಇನ್ನು ಹವಾನಾಕ್ಕೆ ಹಿಂದಿರುಗುವ ಮಾತಿಲ್ಲವೆಂದು ಕಾಗದದ ಮೇಲೆ ರುಜು ಹಾಕಿದಂತಾಯಿತು.

ಸಂಸಾರ ನೆಲೆ ನಿಂತಿತು ಎನ್ನುವಷ್ಟರಲ್ಲಿ ೧೯೭೦ರಲ್ಲಿ ವಿಧಿ ಇನ್ನೊಂದು ಏಟು ಹಾಕಿತು. ಕ್ಯೂಬಾವನ್ನು ಬಿಟ್ಟ ಬಳಿಕ ಹುಟ್ಟಿದ ಕಿರಿಯ ಮಗ, ಇನ್ನೂ ಎಳೆಯ ಹುಡುಗ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡನು. ಆಸ್ತಿ ಹೋದರೆ ಮತ್ತೆ ಗಳಿಸಬಹುದು, ಗಳಿಸಿಯೂ ಗಳಿಸಿದ. ಈ ನಷ್ಟಕ್ಕೆ ಯಾವ ಷೇರುಪೇಟೆಯಲ್ಲಿ ಪರಿಹಾರವಿದೆ? ಆತನ ಕುರಿತು ಬರೆಯುವ ಉದ್ಯಮ ಪಂಡಿತರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸಿ ಲಾಭನಷ್ಟದ ಪಟ್ಟಿಗೆ ಓಡುತ್ತಾರೆ. ಮಕ್ಕಳೊಂದಿಗರಾದ ಓದುಗರು ಆ ಒಂದು ಸಾಲಿನಲ್ಲಿ ಒಂದು ಕ್ಷಣ ನಿಂತಾರು.

ಮಂಗಳೂರು, ಮೈಸೂರು

ಈ ಕಥೆಗೆ ನಮ್ಮ ನಾಡಿನ ನಂಟೂ ಇದೆ. ೧೯೭೩ರ ವಿದೇಶಿ ವಿನಿಮಯ ಕಾಯಿದೆಯ ಪ್ರಕಾರ ಹೊರದೇಶದ ಕಂಪನಿಗಳು ಭಾರತದ ಶಾಖೆಗಳಲ್ಲಿ ತಮ್ಮ ಪಾಲನ್ನು ಶೇಕಡಾ ನಲವತ್ತಕ್ಕೆ ಇಳಿಸಬೇಕಾಗಿತ್ತು. ೧೯೭೭ರಲ್ಲಿ ಜನತಾ ಸರಕಾರ ಬಂದಾಗ ಕೈಗಾರಿಕಾ ಮಂತ್ರಿಯಾದವರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಓದಲು ಹೋಗಿ, ಅದನ್ನು ಬಿಟ್ಟು ಕಾರ್ಮಿಕರ ನಾಯಕರಾಗಿ ಬೆಳೆದವರು ಅವರು. ಕಾಯಿದೆ ಕಾಯಿದೆಯೇ, ಪಾಲನ್ನು ಇಳಿಸಿರಿ, ಪಾನೀಯದ ಗುಟ್ಟನ್ನು ಭಾರತದ ಕಂಪನಿಗೆ ಒಪ್ಪಿಸಿರಿ ಎಂದರು. ಕೋಕಾ-ಕೋಲಾ ಗುಟ್ಟನ್ನು ಕೊಡಲೊಪ್ಪದೆ ಗಂಟು ಕಟ್ಟಿತು. ಆಗ ಅಟ್ಲಾಂಟಾದಲ್ಲಿ ಕಂಪನಿಯ ತಾಂತ್ರಿಕ ವಿಭಾಗದ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿ ಈ ಹವಾನಾದ ರಸಾಯನ ತಜ್ಞನೇ. ಒಂದು ಸರಕಾರವು ತನ್ನ ಕಂಪನಿಯ ಕದ ತಟ್ಟುವುದನ್ನು ಆತ ತನ್ನ ಬಾಳಿನಲ್ಲಿ ಎರಡನೆಯ ಬಾರಿಗೆ ಕಂಡನು.

ಖಾಲಿಯಾದ ಜಾಗವನ್ನು ತುಂಬಲು ಸರಕಾರವೇ ಒಂದು ಪಾನೀಯವನ್ನು ಹೊರತಂದಿತು. ಅದರ ಪಾಕವನ್ನು ರೂಪಿಸಿದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ವರ್ಷದ ನೆನಪಿಗಾಗಿ ಹೆಸರು ‘ಡಬಲ್ ಸೆವೆನ್’, ಎಂದರೆ ಎಪ್ಪತ್ತೇಳು. ಆಗ ಕಾಲೇಜಿನ ಹುಡುಗರಾಗಿದ್ದ ನನ್ನ ಸೋದರಮಾವನವರನ್ನು ಅದರ ರುಚಿ ಹೇಗಿತ್ತೆಂದು ಕೇಳಿದೆ.

“ರುಚಿ ಯಾರಿಗೆ ನೆನಪಿದೆಯಯ್ಯ! ನಮ್ಮ ಮೈಸೂರಿನವರು ಮಾಡಿದ್ದು ಅಂತ ಕುಡಿದೆವು. ತಣ್ಣಗಿತ್ತು. ಜೇಬಿನಲ್ಲಿ ಕಾಸಿರುತ್ತಿದ್ದದ್ದೇ ಅಪರೂಪ, ಅದರಲ್ಲಿ ತಣ್ಣಗಿದ್ದರೆ ಸಾಕಾಗಿತ್ತು,” ಎಂದು ನಕ್ಕರು.

ಎಪ್ಪತ್ತೇಳು ಬಹುಕಾಲ ಬಾಳಲಿಲ್ಲ. ೧೯೯೩ರಲ್ಲಿ ಕೋಕಾ-ಕೋಲಾ ಮರಳಿ ಭಾರತಕ್ಕೆ ಬಂದಿತು. ನಮ್ಮವರೇ ಬೆಳೆಸಿದ್ದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಪಾನೀಯಗಳನ್ನೂ ಕೊಂಡಿತು. ಆ ಹೊತ್ತಿಗೆ ಕಂಪನಿಯ ಅಧ್ಯಕ್ಷ ಗೊಯಿಸ್ವೇಟಾ. ಕಡಲಿನಂಥ ಬಂಡವಾಳಕ್ಕೆ ಕೆರೆಯಂಥ ವ್ಯಾಪಾರಗಳು ಸೇರಿಹೋದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ನಮ್ಮಲ್ಲಿ ಆಗಲೂ ಇತ್ತು, ಈಗಲೂ ಇದೆ.

ಅಪ್ಪ ಒಪ್ಪಿದ ಒಂದು ಮಾತು

ಕಂಪನಿಯಲ್ಲಿ ಹೆಸರಿಗೆ ಅಧ್ಯಕ್ಷರು ಯಾರೇ ಇರಲಿ, ಕೊನೆಯ ಮಾತು ರಾಬರ್ಟ್ ವುಡ್ರಫ್ ಎಂಬ ವೃದ್ಧನದು. ೧೯೨೩ರಿಂದ ಆ ಪಾನೀಯವನ್ನು ಜಗತ್ತಿನ ಮೂಲೆ ಮೂಲೆಗೆ ಮುಟ್ಟಿಸಿದವನು ಆತ. ತೊಂಬತ್ತರ ಅಂಚಿನಲ್ಲಿದ್ದ ಆ ಮುದುಕನಿಗೆ ಗೊಯಿಸ್ವೇಟಾನ ಮೇಲೆ ವಿಶ್ವಾಸ ಕುದುರಿತು. ೧೯೮೧ರ ಮಾರ್ಚಿನಲ್ಲಿ, ಅನೇಕರ ಹುಬ್ಬೇರುವಂತೆ, ಕ್ಯೂಬಾದ ವಲಸೆಗಾರನು ಅಧ್ಯಕ್ಷ ಪೀಠವನ್ನೇರಿದನು.

ಏರಿದೊಡನೆ, ಈ ಕಂಪನಿಯಲ್ಲಿ ಮುಟ್ಟಬಾರದ ಪದ್ಧತಿಯೆಂಬುದು ಯಾವುದೂ ಇಲ್ಲವೆಂದು ಅಧಿಕಾರಿಗಳಿಗೆ ತಿಳಿಸಿದನು. ಆತನ ಲೆಕ್ಕ ಗೃಹಿಣಿಗೂ ತಿಳಿಯುವಂಥದು. ಹಣಕ್ಕೆ ಬೆಲೆಯುಂಟು. ನೂರಕ್ಕೆ ಹನ್ನೆರಡು ಬಡ್ಡಿಯ ಹಣವನ್ನು ಎಂಟು ಮಾತ್ರ ಹುಟ್ಟುವ ವ್ಯಾಪಾರದಲ್ಲಿ ತೊಡಗಿಸಿದರೆ, ಮೇಲೆ ಲಾಭ ಕಂಡರೂ ಒಳಗೆ ಮನೆ ಮುಳುಗುತ್ತಿರುತ್ತದೆ. ಹಾಗೆ ಮುಳುಗಿಸುತ್ತಿದ್ದ ದ್ರಾಕ್ಷಾಮದ್ಯದ ವ್ಯಾಪಾರ ಮೊದಲಾದುವನ್ನು ಒಂದೊಂದಾಗಿ ಮಾರಿದ. ಅಜ್ಜನ ಮಾತನ್ನು ಮೀರಿ ಸಾಲವನ್ನೂ ಮಾಡಿದ; ಸಾಲದ ಹಣ ಬಡ್ಡಿಗಿಂತ ಹೆಚ್ಚು ದುಡಿಯುವುದಾದರೆ ಮಾತ್ರ. ೧೯೮೨ರಲ್ಲಿ ‘ಡಯೆಟ್ ಕೋಕ್’ ಬಂದಿತು. ೧೮೮೬ರಿಂದ ಒಂದೇ ಪಾನೀಯಕ್ಕೆ ಮೀಸಲಾಗಿದ್ದ ಹೆಸರನ್ನು ಇನ್ನೊಂದಕ್ಕೆ ಕೊಟ್ಟದ್ದು ಅದೇ ಮೊದಲು. ಅದೇ ವರ್ಷ ಕೊಲಂಬಿಯಾ ಎಂಬ ಚಿತ್ರಸಂಸ್ಥೆಯನ್ನು ಕೊಂಡು, ೧೯೮೯ರಲ್ಲಿ ಜಪಾನಿನ ಸೋನಿ ಕಂಪನಿಗೆ ಒಳ್ಳೆಯ ಲಾಭಕ್ಕೆ ಮಾರಿತು.

ಇಷ್ಟು ಜಾಣನಾದವನು ಮುಗ್ಗರಿಸಿದ್ದು ೧೯೮೫ರಲ್ಲಿ. ಪ್ರತಿಸ್ಪರ್ಧಿಯಾದ ಪೆಪ್ಸಿಯ ಸಿಹಿಯೇ ಜನಕ್ಕೆ ಮೆಚ್ಚುಗೆಯೆಂದು ರುಚಿಯ ಪರೀಕ್ಷೆಗಳು ಹೇಳಿದವು. ಸುಮಾರು ಎರಡು ಲಕ್ಷ ಜನರಿಗೆ ಕುಡಿಸಿ ನೋಡಿ ಹೊಸ ಪಾಕವೊಂದನ್ನು ಸಿದ್ಧಪಡಿಸಿದರು. ಏಪ್ರಿಲ್ ೨೩ರಂದು ಹಳೆಯ ಪಾಕಕ್ಕೆ ವಿದಾಯ ಹೇಳಿ ಹೊಸದನ್ನು ಪೇಟೆಗೆ ಬಿಟ್ಟರು. ಜನ ಸಿಡಿದೆದ್ದರು. ದಿನಕ್ಕೆ ನಾನೂರು ಬರುತ್ತಿದ್ದ ದೂರವಾಣಿಯ ಕರೆಗಳು ಜೂನ್ ತಿಂಗಳಿನಲ್ಲಿ ಸಾವಿರದ ಐನೂರಕ್ಕೇರಿದವು. ಹಳೆಯ ಬಾಟಲಿಗಳನ್ನು ಜನ ನೆಲಮಾಳಿಗೆಯಲ್ಲಿ ಕೂಡಿಟ್ಟರು. ನಾಲಗೆಯನ್ನು ಅಳೆದ ಪಂಡಿತರು ನೆನಪನ್ನು ಅಳೆಯಲು ಮರೆತಿದ್ದರು. ಬಾಲ್ಯದಲ್ಲಿ ಅಪ್ಪ ಕೊಡಿಸಿದ ಪಾನೀಯ, ಯುದ್ಧಭೂಮಿಯಲ್ಲಿ ಕೈಗೆ ಬಂದ ಬಾಟಲಿ, ಅದರ ರುಚಿ ನಾಲಗೆಯಲ್ಲಿ ಮಾತ್ರ ಇರುವುದಿಲ್ಲವಷ್ಟೆ.

ಕ್ಯೂಬಾದಿಂದ ಕ್ಯಾಸ್ಟ್ರೊ ಕೂಡ ಬಾಯಿ ಹಾಕಿ, ಇದು ಅಮೆರಿಕದ ಬಂಡವಾಳಶಾಹಿಯ ಅವನತಿಗೆ ಗುರುತೆಂದು ಹಂಗಿಸಿದನು. ಗೊಯಿಸ್ವೇಟಾನ ತಂದೆಗೂ ಈ ಬದಲಾವಣೆ ಸರಿಬೀಳಲಿಲ್ಲ. ತನ್ನ ತಂದೆಯು ಬಾಳಿನಲ್ಲಿ ಕ್ಯಾಸ್ಟ್ರೊವಿನ ಮಾತನ್ನು ಒಪ್ಪಿದ್ದು ಅದೊಂದೇ ಬಾರಿಯೆಂದು ಮಗನು ಮುಂದೆ ನೆನೆದು ಹೇಳುತ್ತಿದ್ದನಂತೆ. ಮನೆಮಠ ಕಳೆದುಕೊಂಡ ತಂದೆ, ಕಳೆಯುವಂತೆ ಮಾಡಿದವನೊಡನೆ ಒಂದು ಬಾಟಲಿಯ ವಿಷಯದಲ್ಲಿ ಒಂದಾಗಬೇಕಾಯಿತು! ನಗೆ ಬರುತ್ತದೆ, ನಗೆಯ ಹಿಂದೆ ಇನ್ನೇನೋ ಇದೆ. ಹಳೆಯದನ್ನು ಕಿತ್ತುಕೊಳ್ಳಬೇಡಿರೆಂದು ಕೂಗಿದ ಅಮೆರಿಕನ್ನರ ಅಳಲು, ಊರು ಕಳೆದುಕೊಂಡ ಆ ಮುದುಕನಿಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು?

ಜುಲೈ ೧೧ರಂದು, ಎಪ್ಪತ್ತೊಂಬತ್ತು ದಿನಗಳ ಮೇಲೆ, ಹಳೆಯ ಪಾಕ ಹಿಂದಿರುಗಿತು. ಗೊಯಿಸ್ವೇಟಾ ಹಟ ಹಿಡಿಯಲಿಲ್ಲ. ತಪ್ಪನ್ನು ತಪ್ಪೆಂದು ಎಣಿಸಿ ತಿದ್ದಿಕೊಂಡ. ಸೋಲು ಗೆಲುವಾಗಿ ತಿರುಗಿ ಮಾರಾಟ ಮೊದಲಿಗಿಂತ ಹೆಚ್ಚಿತು. ಎಲ್ಲವನ್ನೂ ಒಮ್ಮೆ ಕಳೆದುಕೊಂಡವನಿಗೆ ಮತ್ತೊಮ್ಮೆ ಕಳೆದುಕೊಳ್ಳುವ ಭಯ ಕಡಿಮೆಯಿರಬಹುದು.

ಲೆಕ್ಕಕ್ಕೆ ಸಿಗದ್ದು

೧೯೮೧ರಲ್ಲಿ ಕಂಪನಿಯ ಷೇರುಗಳ ಒಟ್ಟು ಬೆಲೆ ಸುಮಾರು ೪೦೦ ಕೋಟಿ ಡಾಲರು. ೧೯೯೭ರಲ್ಲಿ ಅದು ೧೪,೦೦೦ ಕೋಟಿಯನ್ನು ಮೀರಿತ್ತು. ತಾನು ಸ್ಥಾಪಿಸದ ಕಂಪನಿಯಲ್ಲಿ ಸಂಬಳದ ನೌಕರನಾಗಿದ್ದುಕೊಂಡೇ ಗೊಯಿಸ್ವೇಟಾ ನೂರು ಕೋಟಿ ಡಾಲರಿನ ಒಡೆಯನಾದ. ಇದಕ್ಕೆ ಚಪ್ಪಾಳೆ ಬಿದ್ದಂತೆ ಟೀಕೆಯೂ ಬಂದಿತು. ೧೯೯೧ರಲ್ಲಿ ಆತನಿಗೆ ದೊರೆತ ಹತ್ತು ಲಕ್ಷ ಷೇರುಗಳ ಬೆಲೆ ಎಂಟು ಕೋಟಿ ಡಾಲರಿನಷ್ಟು. ಒಬ್ಬ ಮನುಷ್ಯನ ದುಡಿಮೆಗೆ ಇಷ್ಟು ಬೆಲೆಯುಂಟೆ ಎಂದು ಕೇಳಿದವರಿದ್ದರು. ನೊರೆಯೇಳುವ ಸಿಹಿನೀರನ್ನು ಜಗತ್ತಿಗೆಲ್ಲ ಕುಡಿಸಿದ್ದರಿಂದ ಲೋಕಕ್ಕಾದ ಉಪಕಾರವೇನೆಂದು ಕೇಳಿದವರೂ ಇದ್ದರು. ಸಿಹಿಯ ಹೆಚ್ಚಳದಿಂದ ಬರುವ ರೋಗಗಳನ್ನು ಕಂಡಿರುವ ನಾವು ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಕ್ಕರೆಯ ಗಿರಣಿಯ ಮನೆಯಲ್ಲಿ ಹುಟ್ಟಿದವನು ಸಕ್ಕರೆಯನ್ನೇ ಮಾರಿ ಬಾಳಿದನು. ಅಷ್ಟನ್ನು ಹೇಳದೆ ಆತನನ್ನು ನೆನೆಯುವುದು ಪ್ರಾಮಾಣಿಕವಾಗದು.

ಗಳಿಸಿದ್ದರಲ್ಲಿ ಒಂದು ಭಾಗವನ್ನು ಆತ ವಿದ್ಯೆಗೂ ದಾನಕ್ಕೂ ಮುಡಿಪಿಟ್ಟ. ೧೯೯೨ರಲ್ಲಿ ಗೊಯಿಸ್ವೇಟಾ ಪ್ರತಿಷ್ಠಾನವನ್ನು ಸ್ಥಾಪಿಸಿದ. ೧೯೯೪ರಲ್ಲಿ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯ ತನ್ನ ವಾಣಿಜ್ಯ ಶಾಲೆಗೆ ಆತನ ಹೆಸರಿಟ್ಟಿತು. ಆತನ ಹಿರಿಯ ಮಗ, ತಂದೆಯ ಹೆಸರನ್ನೇ ಹೊತ್ತವನು, ವ್ಯಾಪಾರಕ್ಕೆ ಇಳಿಯಲಿಲ್ಲ. ಧರ್ಮಶಾಸ್ತ್ರವನ್ನು ಓದಿ ಬಾಸ್ಟನ್ ಕಾಲೇಜಿನಲ್ಲಿ ಅಧ್ಯಾಪಕನಾದ. ಅಮೆರಿಕದಲ್ಲಿ ನೆಲಸಿದ ಸ್ಪ್ಯಾನಿಷ್ ನುಡಿಯ ಜನರ ಭಕ್ತಿ, ಬಡವರೊಡನೆ ಜೊತೆಯಾಗಿ ನಡೆಯುವುದು, ಇವು ಆತ ಬರೆದ ಪುಸ್ತಕಗಳ ವಸ್ತು. ತಂದೆಯು ಕಟ್ಟಿದ ಸಾಮ್ರಾಜ್ಯಕ್ಕೂ ಮಗನು ಹಿಡಿದ ದಾರಿಗೂ ಎಷ್ಟು ದೂರ! ಆದರೆ ಒಡೆಯನ ಮಗನೆನಿಸಿಕೊಳ್ಳಲು ಒಲ್ಲದೆ ಹೆಸರಿಲ್ಲದ ಜಾಹೀರಾತಿಗೆ ಅರ್ಜಿ ಹಾಕಿದವನ ಮಗ ಇನ್ನೇನು ಮಾಡಿಯಾನು?

೧೯೯೫ರ ಜುಲೈ ನಾಲ್ಕು ಅಮೆರಿಕದ ಸ್ವಾತಂತ್ರ್ಯ ದಿನ. ವರ್ಜೀನಿಯಾ ಪ್ರಾಂತದ ಮಾಂಟಿಚೆಲೊ ಎಂಬ ಗುಡ್ಡದ ಮೇಲೆ, ಹಿಂದಿನ ರಾಷ್ಟ್ರಾಧ್ಯಕ್ಷ ಜೆಫರ್ಸನ್ನನ ಮನೆಯ ಮುಂದೆ, ಪ್ರತಿವರ್ಷ ಆ ದಿನ ಹೊಸದಾಗಿ ಪ್ರಜೆಗಳಾಗುವವರು ಪ್ರಮಾಣವಚನ ಸ್ವೀಕರಿಸುತ್ತಾರೆ. ಆ ವರ್ಷ ಅವರನ್ನು ಉದ್ದೇಶಿಸಿ ಮಾತನಾಡಲು ಬಂದವನು ಗೊಯಿಸ್ವೇಟಾ. ನಲವತ್ತು ಡಾಲರು, ನೂರು ಷೇರುಗಳ ಕಥೆಯನ್ನು ಅಲ್ಲಿಯೂ ಹೇಳಿದ. ಅವಕಾಶವನ್ನು ಕೊಟ್ಟ ದೇಶಕ್ಕೆ ಕೃತಜ್ಞತೆ ಸಲ್ಲಿಸಿದ. ನಾನಾ ದೇಶಗಳಿಂದ ಬಂದು, ಕೈಯೆತ್ತಿ ಹೊಸ ನಾಡಿನವರಾದ ಆ ಜನರ ಮನಸ್ಸಿನಲ್ಲಿ ಆ ಗಳಿಗೆಯಲ್ಲಿ ಅವರವರ ಊರಿನ ಬೀದಿಗಳು ಹಾದುಹೋಗಿರಬೇಕು.

ಮುಂದೆ ಎರಡು ವರ್ಷ. ಸಿಗರೇಟಿನ ಚಟ ಆತನನ್ನು ಬಿಟ್ಟಿರಲಿಲ್ಲ. ೧೯೯೭ರ ಸೆಪ್ಟೆಂಬರಿನಲ್ಲಿ ಶ್ವಾಸಕೋಶದ ಕ್ಯಾನ್ಸರೆಂದು ಗೊತ್ತಾಯಿತು. ಆರೇಳು ವಾರಗಳಲ್ಲಿ ಎಲ್ಲವೂ ಮುಗಿಯಿತು. ವಯಸ್ಸು ಅರವತ್ತೈದು. ಹವಾನಾದಲ್ಲಿ ಕೈಹಿಡಿದು, ಮಯಾಮಿಯ ಒಂದು ಕೋಣೆಯಲ್ಲಿ ಸಂಸಾರ ತೂಗಿಸಿದ ಓಲ್ಗಾ ಆತನ ನಂತರ ಹದಿನೇಳು ವರ್ಷಕ್ಕೂ ಹೆಚ್ಚು ಬದುಕಿ, ದಾನಧರ್ಮದ ಕೆಲಸಗಳನ್ನು ಮುಂದುವರಿಸಿ ೨೦೧೫ರಲ್ಲಿ ತೀರಿಕೊಂಡಳು. ಮರುವರ್ಷದ ನವೆಂಬರಿನಲ್ಲಿ ಕ್ಯಾಸ್ಟ್ರೊ ಕೂಡ ಕಾಲವಾದನು. ಬೆಲೆನ್ ಶಾಲೆಯ ಇಬ್ಬರು ಹುಡುಗರ ಲೆಕ್ಕ ಹೀಗೆ ಮುಗಿಯಿತು.

ತಂದೆಯ ಸಾಲದಿಂದ ಕೊಂಡ ಆ ನೂರು ಷೇರುಗಳನ್ನು ಗೊಯಿಸ್ವೇಟಾ ಕೊನೆಯವರೆಗೂ ಮಾರಲಿಲ್ಲ. ಆಮೇಲೆ ಬಂದ ಲಕ್ಷಾಂತರ ಷೇರುಗಳ ಮುಂದೆ ಅವು ಎಷ್ಟರವು? ಆದರೂ ಉಳಿಸಿಕೊಂಡ. ಹವಾನಾದ ಮನೆಯಿಂದ, ಅಪ್ಪನ ಕೈಯಿಂದ ಬಂದು, ಕಡಲು ದಾಟಿ ಉಳಿದದ್ದು ಅದಷ್ಟೇ ತಾನೆ. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಒಂದು ಹಿತ್ತಾಳೆಯ ಚೊಂಬನ್ನು, ಬಳಸದಿದ್ದರೂ, ಹಳೆಯ ಪಾತ್ರೆಯವನಿಗೆ ಹಾಕದೆ ಅಟ್ಟದ ಮೇಲೆ ಇಟ್ಟಿರುತ್ತೇವಲ್ಲ, ಹಾಗೆ.